ಹನ್ನೊಂದು ಕಂತು

ದಿನಾ ಸಂಜೆ ಐದಕ್ಕೆ ನಾನು
ಮಂಡಕ್ಕಿ ಭಟ್ಟಿಗಳ ಸಾಲಿಗೆ ಬರುತ್ತೇನೆ.
ಪಿಗ್ಮಿ ವಸೂಲಿ ನನ್ನ ಕಸುಬು:
ಹೆಗಲಿಗೊಂದು ಚೀಲ, ಅಂಗೈಯಗಲದ ಯಂತ್ರ,
ಇಪ್ಪತ್ತು ರೂಪಾಯಿ ಕೊಟ್ಟರೆ
ಕರ್ರೆಂದು ಅದು ಉಗುಳುವ ಚೀಟಿ.

ಹೊಟ್ಟಿನ ಹೊಗೆ ಕುಡಿದು ಗೋಡೆಗಳೆಲ್ಲ ಮಸಿ.
ಕಾದ ಮರಳಲ್ಲಿ ಅಕ್ಕಿ ಅರಳುವ ಸದ್ದು
ದಾವಣಗೆರೆಯ ರಸ್ತೆಯಿಂದ ಕೇಳಿದರೆ ಮಳೆ;
ಒಳಗೆ ಕೂತವರಿಗೆ ಬರೀ ಸೆಕೆ.

ಕಲಿಸಬೇಕೆಂದು ನಾನೇನೂ ಹೊರಟಿರಲಿಲ್ಲ.
ಮೆಹತಾಬ್ ಒಂದು ದಿನ ಅಮ್ಮನ ಪಾಸ್‌ಬುಕ್ ತಂದು
"ಇದ್ರಾಗೆ ನಮ್ಮ ಹೆಸರು ಯಾವುದ್ರೀ?" ಅಂದಳು.
ತೋರಿಸಿದೆ. ಬೆರಳಿಟ್ಟು ಬಹಳ ಹೊತ್ತು ನೋಡಿ
"ಇಷ್ಟೇ ಉದ್ದ?" ಅಂದಳು.

ಅವತ್ತಿನಿಂದ ಆರೂವರೆಗೆ
ಆರಿದ ಭಟ್ಟಿಯೊಂದರ ಮಗ್ಗುಲಲ್ಲಿ, ಗೋಣಿಯ ಮೇಲೆ ಶಾಲೆ.
ನಸುಕಿನ ಮೂರಕ್ಕೆದ್ದವರು ಆ-ಗೆ ಬರುವಷ್ಟರಲ್ಲಿ ತೂಕಡಿಸುತ್ತಾರೆ.
ಜರಡಿ ಹಿಡಿದ ಕೈಗೆ ಬಳಪ ತೀರಾ ಹಗುರ,
ಮುಟ್ಟಿದರೆ ಮುರಿಯುತ್ತದೆ.
ಯಂತ್ರದಿಂದ ತೆಗೆದ ಚೀಟಿಯ ಸುರುಳಿ ಕೊಟ್ಟೆ.
ಉಗುರಿನಿಂದ ಗೀಚಿದರೆ ಅದರ ಮೇಲೆ
ಅಕ್ಷರ ತಾನೇ ಕಪ್ಪಾಗಿ ಏಳುತ್ತದೆ;
ಕಂಡುಹಿಡಿದವನು ದಾದಾಪೀರ್.
ಉರಿಯುವ ಒಲೆಯ ಬಾಯಿಗೆ ಒಯ್ದರೆ
ಇಡೀ ಪಾಠವೇ ಕಪ್ಪಾಗುತ್ತದೆ.
ಅದನ್ನು ಕಂಡುಹಿಡಿದವನೂ ಅವನೇ.

ಮಹಾಪ್ರಾಣದ ದಿನ, ಗತ್ತಿನಲ್ಲಿ ಹೇಳಿದೆ:
"ಬ-ಕ್ಕೆ ಹೊಟ್ಟೆ ಸೀಳಿ. ಈಗ ಓದಿ, ಬಟ್ಟಿ."
ಗೋಣಿಯ ತುಂಬ ನಗು.
"ಬಟ್ಟಿ ಅಲ್ರೀ ಸರ್, ಭಟ್ಟಿ."
ಮೆಹತಾಬ್ ನನ್ನ ಅಂಗೈ ಹಿಡಿದೆಳೆದು
ತನ್ನ ತುಟಿಯೆದುರಿಟ್ಟು ಮತ್ತೆ ಹೇಳಿದಳು.
ಬಿಸಿಯುಸಿರು ತಾಗಿತು.
ನಲವತ್ತೆರಡು ವರ್ಷ ಕನ್ನಡ ಆಡಿದ ನಾಲಿಗೆ ನನ್ನದು;
ಮನೆಯಲ್ಲಿ ಬೇರೆ ಮಾತಾಡುವ ಹುಡುಗಿಯ ಹತ್ತಿರ
ಆ ಸಂಜೆ ಭ ಕಲಿಯಿತು.

ಆಮೇಲೆ ಮಾರ್ಚಿ ಬಂತು. ಸೊಸೈಟಿಯಲ್ಲಿ ಲೆಕ್ಕದ ತಾಳೆ.
ಸುಳ್ಳೇಕೆ? ಲೆಕ್ಕಕ್ಕೆ ಹೋದದ್ದು ಎರಡೇ ದಿನ.
ಉಳಿದ ಒಂಬತ್ತು ದಿನ ಸುಮ್ಮನೆ ಬೇಸರ.
ಐದಕ್ಕೆ ಬಂದೆ, ದುಡ್ಡು ಎಣಿಸಿಕೊಂಡೆ,
ಮಕ್ಕಳ ಕಣ್ಣು ತಪ್ಪಿಸಿ ಹಿಂದಿನ ಗಲ್ಲಿ ಹಿಡಿದೆ.
ಚೌಕಿಪೇಟೆಯ ಗಾಡಿ ಮುಂದೆ ನಿಂತು
ಎರಡು ಮಿರ್ಚಿ, ಒಂದು ಪೊಟ್ಟಣ ಮಂಡಕ್ಕಿ ತಿಂದೆ.
ಯಾರು ಹುರಿದದ್ದೋ. ಕೇಳಲಿಲ್ಲ.

ಹನ್ನೆರಡನೇ ದಿನ ಗೋಣಿ ಹಾಸಿಯೇ ಇತ್ತು.
ಮಸಿಗೋಡೆಯ ಮೇಲೆ ಉಗುರಿನ ಗೆರೆ, ಹನ್ನೊಂದು.
"ಇಷ್ಟು ಕಂತು ಬಾಕಿ," ಅಂದಳು ಮೆಹತಾಬ್,
ಅವಳಮ್ಮನಿಗೆ ನಾನು ಹೇಳುವ ಅದೇ ದನಿ.
"ಬಾಳೆಹಣ್ಣು ಹಂಚಿ ಫೋಟೋ ತಗೊಂಡು ಹೋದ್ರು ಒಬ್ರು.
ಒಬ್ಬ ಮೇಡಂ ಮೂರು ತಿಂಗಳು ಬಂದ್ರು, ಆಮೇಲೆ ಮದುವೆ.
ಅವರನ್ನ ನಾವು ಕೇಳಲಿಲ್ಲ.
ನಿಮ್ಮನ್ನ ಕೇಳ್ತೀವಿ.
ನಿಮಗೆ ಕಂತು ಅಂದ್ರೆ ಏನು ಅಂತ ಗೊತ್ತೈತಲ್ರೀ."

ತಲೆ ಎಣಿಸಿದೆ. ಒಂದು ಕಡಿಮೆ.
"ದಾದಾ ಹೊಸಪೇಟೆ ಗ್ಯಾರೇಜಿಗೆ ಹೋದ.
ಮಾಮು ಬಂದಿದ್ದ, ಏಳನೇ ಗೆರೆ ದಿನ.
ನೀವು ಬರ್ತೀರಿ ಅಂತ ಕತ್ತಲಾಗೋತನಕ ಕುಂತಿದ್ದ."
ಅವನ ಸುರುಳಿ ಮೂಲೆಯಲ್ಲಿತ್ತು:
ಹೆಸರಿನ ಎರಡನೇ ದಾ ಬರೆಯುವಾಗ
ಉಗುರು ಜಾರಿ, ಅಂಚಿನವರೆಗೂ ಒಂದು ಗೀರು.

ಈಗ ಭಾನುವಾರವೂ ಹೋಗುತ್ತೇನೆ.
ಒಂದು ಭಾನುವಾರಕ್ಕೆ ಒಂದು ಗೆರೆ,
ಮೆಹತಾಬ್ ಎಂಜಲ ಬೆರಳಿಂದ ಉಜ್ಜುತ್ತಾಳೆ.
ಒಂಬತ್ತು ತೀರಿದೆ.
ಏಳನೆಯದನ್ನು ದಾಟಿಕೊಂಡೇ ಹೋಗುತ್ತದೆ ಅವಳ ಬೆರಳು.
ನಾನೂ ಆ ಕಡೆ ನೋಡುವುದಿಲ್ಲ.